ಡಿಸ್ಕ್ ಬದಲಾದ ಮೇಲೆ ನಿದ್ರೆಯಿಂದ ಏಳದ ಲ್ಯಾಪ್‌ಟಾಪ್

ಹಳೆಯ ಲ್ಯಾಪ್‌ಟಾಪಿನಿಂದ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದು, ಅಥವಾ ಇರುವ ಚಿಕ್ಕ ಎಸ್‌ಎಸ್‌ಡಿಯ ಜಾಗದಲ್ಲಿ ದೊಡ್ಡದನ್ನು ಕೂರಿಸುವುದು, ಕಡಿಮೆ ಖರ್ಚಿನಲ್ಲಿ ಯಂತ್ರದ ಆಯುಷ್ಯವನ್ನು ಕೆಲವು ವರ್ಷ ಹೆಚ್ಚಿಸುವ ಕೆಲಸವಾಗಿದ್ದು, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಸಣ್ಣ ರಿಪೇರಿ ಅಂಗಡಿಗಳವರೆಗೆ ಈಗ ಸಾಮಾನ್ಯವಾಗಿದೆ. ಇದರ ಬಳಿಕ ಕಾಣಿಸಿಕೊಳ್ಳಬಹುದಾದ ತೊಂದರೆಗಳಲ್ಲಿ ಬಳಕೆದಾರರನ್ನು ಹೆಚ್ಚು ಗೊಂದಲಕ್ಕೆ ಈಡುಮಾಡುವುದು ನಿದ್ರೆಗೆ, ಅಂದರೆ ಸ್ಲೀಪ್ ಸ್ಥಿತಿಗೆ, ಸಂಬಂಧಿಸಿದ ತೊಂದರೆ. ಯಂತ್ರ ಎಂದಿನಂತೆ ಶುರುವಾಗುತ್ತದೆ, ಮೊದಲಿಗಿಂತ ವೇಗವಾಗಿ ಕೆಲಸ ಮಾಡುತ್ತದೆ, ಡಿಸ್ಕಿನ ಆರೋಗ್ಯವನ್ನು ಅಳೆಯುವ ತಂತ್ರಾಂಶಗಳು ಯಾವ ದೋಷವನ್ನೂ ತೋರಿಸುವುದಿಲ್ಲ. ಆದರೆ ಮುಚ್ಚಳ ಮುಚ್ಚಿ ಮತ್ತೆ ತೆರೆದಾಗ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಅಥವಾ ಉಳಿಸದೆ ಬಿಟ್ಟಿದ್ದ ಕೆಲಸವನ್ನೆಲ್ಲ ಕಳೆದುಕೊಂಡು ಯಂತ್ರ ಹೊಸದಾಗಿ ಬೂಟ್ ಆಗುತ್ತದೆ, ಇಲ್ಲವೇ ಪರದೆ ಬೆಳಗಿ ಮೌಸಿನ ಬಾಣ ಓಡಾಡಿದರೂ ಯಾವ ಪ್ರೋಗ್ರಾಮೂ ತೆರೆಯುವುದಿಲ್ಲ. ಹೊಸ ಡಿಸ್ಕೇ ಕೆಟ್ಟದ್ದೆಂದು ತೀರ್ಮಾನಿಸಿ ಅದನ್ನು ಹಿಂತಿರುಗಿಸುವುದು, ಬದಲಿಗೆ ಬಂದ ಡಿಸ್ಕೂ ಹಾಗೆಯೇ ವರ್ತಿಸಿದಾಗ ಲ್ಯಾಪ್‌ಟಾಪನ್ನೇ ಕೈಬಿಡುವುದು ಇಂಥ ಸಂದರ್ಭದಲ್ಲಿ ಸಹಜವಾಗಿ ನಡೆಯುವಂಥದ್ದು. ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು, ಏಕೆಂದರೆ ಯಂತ್ರ ಎಷ್ಟು ಹೊತ್ತಿನ ನಿದ್ರೆಯ ನಂತರ ಏಳಲಿಲ್ಲ ಮತ್ತು ಏಳುವ ಹೊತ್ತಿನಲ್ಲಿ ಪರದೆಯ ಮೇಲೆ ಏನು ಕಾಣಿಸಿತು ಎಂಬ ಎರಡು ಸಂಗತಿಗಳನ್ನು ಗಮನಿಸಿಟ್ಟುಕೊಂಡರೆ ದೋಷದ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿಯೇ ಸಿಗುತ್ತದೆ.

ಈ ಸುಳಿವುಗಳನ್ನು ಅರ್ಥಮಾಡಿಕೊಳ್ಳಲು ನಿದ್ರೆಯ ಹೊತ್ತಿನಲ್ಲಿ ಯಂತ್ರದೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಬೇಕು. ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು, ವಿದ್ಯುತ್ ಹರಿಯುತ್ತಿರುವವರೆಗೆ ಮಾತ್ರ ವಿಷಯವನ್ನು ಹಿಡಿದಿಟ್ಟುಕೊಳ್ಳುವ ಅತಿವೇಗದ ರ್‍ಯಾಮ್. ತೆರೆದಿರುವ ಕಡತಗಳು, ಅರ್ಧ ಬರೆದ ಪತ್ರ, ಬ್ರೌಸರಿನ ಪುಟಗಳು ಇವೆಲ್ಲ ಇರುವುದು ಇಲ್ಲಿ. ಇನ್ನೊಂದು, ವಿದ್ಯುತ್ ಹೋದರೂ ವಿಷಯವನ್ನು ಉಳಿಸಿಕೊಳ್ಳುವ ಡಿಸ್ಕ್. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು 1996ರ ಡಿಸೆಂಬರಿನಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ಮಾನಕವು, ಯಂತ್ರದ ವಿದ್ಯುತ್ ನಿರ್ವಹಣೆಯಲ್ಲಿ ಫರ್ಮ್‌ವೇರ್ ಮತ್ತು ಕಾರ್ಯಾಚರಣ ವ್ಯವಸ್ಥೆಗಳು ಪರಸ್ಪರ ಹೇಗೆ ವ್ಯವಹರಿಸಬೇಕೆಂಬುದನ್ನು ನಿಗದಿಪಡಿಸುವಾಗ, ನಿದ್ರೆಯನ್ನು ಹಲವು ಹಂತಗಳಾಗಿ ವಿಂಗಡಿಸಿತು. ಫರ್ಮ್‌ವೇರ್ ಎಂದರೆ ಯಂತ್ರಾಂಶದ ಚಿಪ್ಪಿನಲ್ಲಿಯೇ ನೆಲೆಸಿರುವ, ವಿಂಡೋಸ್ ಅಥವಾ ಲಿನಕ್ಸ್ ಎಚ್ಚರಗೊಳ್ಳುವ ಮೊದಲೇ ಕೆಲಸ ಆರಂಭಿಸುವ ತಂತ್ರಾಂಶ. ಬಯೋಸ್ ಎಂದು ಜನರು ಕರೆಯುವುದು ಇದನ್ನೇ.

ಎಸಿಪಿಐ ವಿಂಗಡಣೆಯಲ್ಲಿ ಸಾಮಾನ್ಯ ಓದುಗರಿಗೆ ಮುಖ್ಯವಾದ ಹಂತಗಳು ಎರಡು. ಎಸ್3 ಎಂಬ ಹಂತದಲ್ಲಿ ರ್‍ಯಾಮಿಗೆ ಮಾತ್ರ ಅಲ್ಪ ವಿದ್ಯುತ್ ಒದಗಿಸಿ, ಪ್ರೊಸೆಸರ್, ಪರದೆ, ಡಿಸ್ಕ್ ಮುಂತಾದವುಗಳಿಗೆ ಹರಿಯುವ ವಿದ್ಯುತ್ತನ್ನು ನಿಲ್ಲಿಸಲಾಗುತ್ತದೆ. ಎಸ್4 ಎಂಬ ಹಂತದಲ್ಲಿ, ಅಂದರೆ ಹೈಬರ್ನೇಟ್ ಸ್ಥಿತಿಯಲ್ಲಿ, ರ್‍ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿನ ಒಂದು ಕಡತದಲ್ಲಿ ಬರೆದಿಟ್ಟು ರ್‍ಯಾಮಿನ ವಿದ್ಯುತ್ತನ್ನೂ ಕಡಿದುಹಾಕಲಾಗುತ್ತದೆ. ಏಳುವಾಗ ಯಂತ್ರ ಹೊಸದಾಗಿ ಶುರುವಾದಂತೆಯೇ ಶುರುವಾಗಿ, ಆ ಕಡತವನ್ನು ಹುಡುಕಿ ಓದಿ, ಮೊದಲಿನ ಸ್ಥಿತಿಯನ್ನು ರ್‍ಯಾಮಿಗೆ ತುಂಬಿಕೊಳ್ಳುತ್ತದೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು 2012ರಲ್ಲಿ ವಿಂಡೋಸ್ 8ರ ಜೊತೆ ಬಂದು, ವಿಂಡೋಸ್ 10ರ ಕಾಲದಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರು ಪಡೆಯಿತು. ಇದರಲ್ಲಿ ಯಂತ್ರ ನಿಜವಾದ ಅರ್ಥದಲ್ಲಿ ನಿದ್ರಿಸುವುದೇ ಇಲ್ಲ; ಒಂದೊಂದು ಬಿಡಿಭಾಗವೂ ತನ್ನಷ್ಟಕ್ಕೆ ಅತಿ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿದು, ಇಮೇಲ್ ಬಂದಾಗಲೋ ನವೀಕರಣದ ಹೊತ್ತಾದಾಗಲೋ ಕ್ಷಣಕಾಲ ಎಚ್ಚೆತ್ತು ಮತ್ತೆ ಇಳಿಯುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳು ಈ ಬಗೆಗಳನ್ನು ಬೆರೆಸಿ ಬಳಸುತ್ತವೆ: ಮುಚ್ಚಳ ಮುಚ್ಚಿದ ಕೂಡಲೇ ಹಗುರವಾದ ನಿದ್ರೆಗೆ ಹೋಗಿ, ಕೆಲವು ಗಂಟೆ ಕಳೆದ ಮೇಲೆ ಬ್ಯಾಟರಿ ಉಳಿಸುವ ಸಲುವಾಗಿ ತಾವಾಗಿಯೇ ಹೈಬರ್ನೇಟ್ ಸ್ಥಿತಿಗೆ ದಾಟುತ್ತವೆ. ಹೊರಗಿನಿಂದ ನೋಡುವವರಿಗೆ ಎರಡೂ ಹೊತ್ತಿನಲ್ಲಿ ಕಾಣುವುದು ಮುಚ್ಚಿದ ಮುಚ್ಚಳ ಮಾತ್ರ.

ಆದರೆ ಡಿಸ್ಕಿಗೆ ಈ ಸ್ಥಿತಿಗಳು ವಹಿಸುವ ಹೊಣೆ ಒಂದೇ ಅಲ್ಲ. ಎಸ್3ರಲ್ಲಿ ಕೆಲಸವೆಲ್ಲ ರ್‍ಯಾಮಿನಲ್ಲಿ ಸುರಕ್ಷಿತವಾಗಿದ್ದು, ವಿದ್ಯುತ್ ಮರಳಿದಾಗ ಡಿಸ್ಕು ತನ್ನನ್ನು ಮತ್ತೆ ಪರಿಚಯಿಸಿಕೊಂಡರೆ ಸಾಕು. ಹೈಬರ್ನೇಟಿನಲ್ಲಿ ಡಿಸ್ಕೇ ಏಕೈಕ ಆಸರೆ, ಅದೂ ಕಾರ್ಯಾಚರಣ ವ್ಯವಸ್ಥೆ ಇನ್ನೂ ಎಚ್ಚರಗೊಳ್ಳದ, ಫರ್ಮ್‌ವೇರ್ ಮತ್ತು ಬೂಟ್ ಲೋಡರ್ ಮಾತ್ರ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ. ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಡಿಸ್ಕು ಒಂದೇ ರಾತ್ರಿಯಲ್ಲಿ ಹಲವು ಬಾರಿ ಅರೆನಿದ್ರೆಗೆ ಜಾರಿ ಎದ್ದು ಬರಬೇಕಾಗುತ್ತದೆ. ಆದ್ದರಿಂದ ಹತ್ತು ನಿಮಿಷದ ನಿದ್ರೆಯಿಂದ ಸರಿಯಾಗಿ ಏಳುವ ಯಂತ್ರ ರಾತ್ರಿಯಿಡೀ ಮಲಗಿದ ಮೇಲೆ ಏಳದಿದ್ದರೆ ಸಂಶಯ ಹೈಬರ್ನೇಟಿನ ಮೇಲೆ ಬೀಳಬೇಕು. ಹತ್ತು ನಿಮಿಷದ ನಿದ್ರೆಯಿಂದಲೂ ಏಳದಿದ್ದರೆ ಡಿಸ್ಕಿನ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಮೊದಲು ಪರೀಕ್ಷಿಸಬೇಕು.

ನಿದ್ರೆಯ ಅವಧಿಯೇ ರೋಗಲಕ್ಷಣವಾಗುವ ಈ ಬಗೆಗೆ ಆಪಲ್ ಕಂಪನಿಯ 2013ರ ಕೊನೆಯ ಮತ್ತು 2014ರ ಮಧ್ಯದ ರೆಟಿನಾ ಮ್ಯಾಕ್‌ಬುಕ್ ಪ್ರೊ ಮಾದರಿಗಳು ಒಳ್ಳೆಯ ನಿದರ್ಶನ. ಈ ಯಂತ್ರಗಳಲ್ಲಿದ್ದ ಮೂಲ ಎಸ್‌ಎಸ್‌ಡಿಗಳು ಆಪಲ್‌ನದೇ ಆದ ವಿಶಿಷ್ಟ ಕನೆಕ್ಟರಿನ ಮೂಲಕ ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಮಾರ್ಗಕ್ಕೆ ಜೋಡಣೆಯಾಗಿದ್ದರೂ, ಎಎಚ್‌ಸಿಐ ಎಂಬ ಹಳೆಯ ಸಂವಹನ ವಿಧಾನವನ್ನು ಬಳಸುತ್ತಿದ್ದವು. ಹಾರ್ಡ್ ಡಿಸ್ಕುಗಳ ಕಾಲದಲ್ಲಿ ರೂಪುಗೊಂಡ ವಿಧಾನವದು. ಎಸ್‌ಎಸ್‌ಡಿಗಳಿಗೆಂದೇ ರೂಪಿಸಿದ ಎನ್‌ವಿಎಂಇ ಎಂಬ ವಿಧಾನದ ಮೊದಲ ಆವೃತ್ತಿ 2011ರಲ್ಲಿ ಪ್ರಕಟವಾಗಿ, ಮುಂದೆ ಮಾರುಕಟ್ಟೆಯ ಎಸ್‌ಎಸ್‌ಡಿಗಳು ಬಹುಪಾಲು ಕ್ರಮೇಣ ಅದರತ್ತ ಹೊರಳಿದವು. 2017ರಲ್ಲಿ ಬಂದ ಮ್ಯಾಕ್‌ಒಎಸ್ ಹೈ ಸಿಯೆರಾ ಮತ್ತು ಅದರ ಜೊತೆಗಿನ ಫರ್ಮ್‌ವೇರ್ ನವೀಕರಣದ ದೆಸೆಯಿಂದ ಈ ಹಳೆಯ ಮ್ಯಾಕ್‌ಬುಕ್‌ಗಳು ಎನ್‌ವಿಎಂಇ ಡಿಸ್ಕಿನಿಂದ ಬೂಟ್ ಆಗುವುದು ಸಾಧ್ಯವಾದಾಗ, ಚಿಕ್ಕದೊಂದು ಅಡಾಪ್ಟರ್ ಬಳಸಿ ಸಾಮಾನ್ಯ ಎಂ.2 ಎಸ್‌ಎಸ್‌ಡಿಗಳನ್ನು ಅವುಗಳಲ್ಲಿ ಅಳವಡಿಸುವ ಪರಿಪಾಠ ಹಲವು ದೇಶಗಳಿಗೆ ಹಬ್ಬಿತು.

ಅಲ್ಲಿಯೇ ವಿಚಿತ್ರವಾದ ತೊಂದರೆಯೊಂದು ಎದುರಾಯಿತು. ಯಂತ್ರ ಸರಾಗವಾಗಿ ಬೂಟ್ ಆಗುತ್ತಿತ್ತು, ಚಿಕ್ಕ ನಿದ್ರೆಯಿಂದಲೂ ಸರಿಯಾಗಿ ಏಳುತ್ತಿತ್ತು. ಆದರೆ ದೀರ್ಘ ನಿದ್ರೆಯ ಬಳಿಕ ಮಾತ್ರ ಮೊದಲಿನ ಸ್ಥಿತಿಗೆ ಮರಳದೆ ಹೊಸದಾಗಿ ಶುರುವಾಗುತ್ತಿತ್ತು. ಕಾರಣವನ್ನು ಅರಿಯಲು ಆಪಲ್ ಅನುಸರಿಸುವ ಕ್ರಮವನ್ನು ನೋಡಬೇಕು. ಅದರ ಲ್ಯಾಪ್‌ಟಾಪ್‌ಗಳು ಮಲಗುವ ಹೊತ್ತಿನಲ್ಲೇ ರ್‍ಯಾಮಿನ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದಿಟ್ಟುಕೊಂಡು ರ್‍ಯಾಮಿಗೆ ವಿದ್ಯುತ್ ಮುಂದುವರಿಸುತ್ತವೆ. 2013 ಮತ್ತು ಅನಂತರದ ಮಾದರಿಗಳಲ್ಲಿ ಮೂರು ಗಂಟೆ ಕಳೆದ ಮೇಲೆ ಸ್ಟ್ಯಾಂಡ್‌ಬೈ ಎಂಬ ಹಂತಕ್ಕೆ ದಾಟಿ ರ್‍ಯಾಮಿನ ವಿದ್ಯುತ್ತನ್ನು ನಿಲ್ಲಿಸುತ್ತವೆ. ಆ ಗಡಿಯೊಳಗೆ ಎದ್ದ ಯಂತ್ರಕ್ಕೆ ಡಿಸ್ಕಿನಲ್ಲಿರುವ ಪ್ರತಿ ಬೇಕಾಗುವುದೇ ಇಲ್ಲ. ಗಡಿ ದಾಟಿದ ಯಂತ್ರ ಆ ಪ್ರತಿಯನ್ನು ಓದಲೇಬೇಕು, ಮತ್ತು ಈ ಹಳೆಯ ಮಾದರಿಗಳ ಫರ್ಮ್‌ವೇರು ಎನ್‌ವಿಎಂಇ ಡಿಸ್ಕಿನಿಂದ ಬೂಟ್ ಮಾಡಲು ಕಲಿತಿದ್ದರೂ ಹೈಬರ್ನೇಟಿನಿಂದ ಮರಳುವ ದಾರಿಯಲ್ಲಿ ಮಾತ್ರ ಅದೇ ಡಿಸ್ಕಿನೊಡನೆ ಸರಿಯಾಗಿ ವ್ಯವಹರಿಸುತ್ತಿರಲಿಲ್ಲ. ಡಿಸ್ಕಿನಲ್ಲಿ ದೋಷವಿರಲಿಲ್ಲ, ಅಡಾಪ್ಟರಿನಲ್ಲೂ ಇರಲಿಲ್ಲ. ಪಿಎಂಸೆಟ್ ಎಂಬ ಆದೇಶದಿಂದ ಹೈಬರ್ನೇಟ್‌ಮೋಡ್ ಮತ್ತು ಸ್ಟ್ಯಾಂಡ್‌ಬೈ ಎಂಬ ಎರಡು ಮೌಲ್ಯಗಳನ್ನು 0 ಮಾಡಿ, ಯಂತ್ರ ಎಂದೂ ರ್‍ಯಾಮಿನ ನಿದ್ರೆಯಿಂದ ಕೆಳಗಿಳಿಯದಂತೆ ನೋಡಿಕೊಳ್ಳುವುದು ಬಳಕೆದಾರರು ಕಂಡುಕೊಂಡ ಪರಿಹಾರವಾಯಿತು. ಮೂರು ಗಂಟೆಯ ಆ ಗಡಿಯನ್ನು ಅರಿಯದವರಿಗೆ ಇದೇ ತೊಂದರೆ ಒಮ್ಮೆ ಬಂದು ಒಮ್ಮೆ ಬಾರದ, ಲೆಕ್ಕಕ್ಕೆ ಸಿಗದ ಕಾಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ಚಿಕ್ಕ ನಿದ್ರೆಯಿಂದಲೇ ಏಳದ ಯಂತ್ರಗಳ ವಿಚಾರ. ಎನ್‌ವಿಎಂಇ ಎಸ್‌ಎಸ್‌ಡಿಯೊಳಗೆ ಕಂಟ್ರೋಲರ್ ಎಂಬ ತನ್ನದೇ ಆದ ಪ್ರೊಸೆಸರ್ ಹಾಗೂ ಫರ್ಮ್‌ವೇರ್ ಇದ್ದು, ಪೂರ್ಣ ಎಚ್ಚರದಿಂದ ಗಾಢ ನಿದ್ರೆಯವರೆಗೆ ಹಲವು ವಿದ್ಯುತ್ ಹಂತಗಳಿರುತ್ತವೆ. ಭರದಿಂದ ಬರೆಯುವಾಗ ಹಲವು ವ್ಯಾಟ್ ಎಳೆಯುವ ಡಿಸ್ಕು ಅತ್ಯಂತ ಗಾಢವಾದ ಹಂತದಲ್ಲಿ ಕೆಲವೇ ಮಿಲಿವ್ಯಾಟ್‌ಗಳಿಗೆ ಇಳಿಯಬಲ್ಲದು. ಆದರೆ ಹಂತ ಗಾಢವಾದಷ್ಟೂ ಅಲ್ಲಿಂದ ಎದ್ದು ಬರಲು ಹಿಡಿಯುವ ಕಾಲವೂ ಹೆಚ್ಚುತ್ತದೆ. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಯಾವ ಹಂತಕ್ಕೆ ಇಳಿಯಬೇಕೆಂಬುದನ್ನು ಕಾರ್ಯಾಚರಣ ವ್ಯವಸ್ಥೆ ಒಮ್ಮೆ ಹೇಳಿಟ್ಟರೆ ಡಿಸ್ಕು ತಾನಾಗಿಯೇ ಇಳಿಯುವ ಏರ್ಪಾಡಿಗೆ ಎಪಿಎಸ್‌ಟಿ ಎಂದು ಹೆಸರು. ಡಿಸ್ಕು ಎದ್ದು ಬಂದಿದ್ದೇನೆಂದು ಹೇಳುವ ಹೊತ್ತಿಗೆ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯೂ ತನ್ನ ನಿದ್ರೆಯಿಂದ ಎದ್ದಿರಬೇಕು, ಇಬ್ಬರ ನಿರೀಕ್ಷೆಗಳೂ ಹೊಂದಿರಬೇಕು. ಲ್ಯಾಪ್‌ಟಾಪ್ ತಯಾರಕರು ತಾವು ಮಾರುವ ಡಿಸ್ಕುಗಳೊಂದಿಗೆ ಈ ಹೊಂದಾಣಿಕೆಯನ್ನು ಪರೀಕ್ಷಿಸಿಯೇ ಯಂತ್ರವನ್ನು ಮಾರುಕಟ್ಟೆಗೆ ಬಿಡುತ್ತಾರೆ; ಬಳಕೆದಾರ ಆರಿಸಿ ತಂದ ಡಿಸ್ಕು ಆ ಪರೀಕ್ಷೆಗೆ ಒಳಗಾಗಿರುವುದಿಲ್ಲ.

ಇದಕ್ಕೆ ಲಿನಕ್ಸ್ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್ ವ್ಯವಸ್ಥೆಯ ತಿರುಳಿನಲ್ಲಿ, ಎಲ್ಲರೂ ಓದಬಹುದಾದ ಸಾಕ್ಷ್ಯವಿದೆ. 2017ರಲ್ಲಿ ಬಂದ 4.11ನೆಯ ಆವೃತ್ತಿಯಲ್ಲಿ ಎಪಿಎಸ್‌ಟಿಗೆ ಬೆಂಬಲ ಸೇರಿದಾಗ, ಸ್ಯಾಮ್‌ಸಂಗ್‌ನ ಎಸ್‌ಎಂ951, ಪಿಎಂ951 ಮತ್ತು 950 ಪ್ರೊ ಡಿಸ್ಕುಗಳು ಅತ್ಯಂತ ಗಾಢವಾದ ಹಂತಕ್ಕೆ ಇಳಿದ ಮೇಲೆ ಕೆಲವೊಮ್ಮೆ ಯಂತ್ರದ ಕಣ್ಣಿಗೆ ಬೀಳದಂತೆ ಮಾಯವಾಗುತ್ತಿದ್ದವು. ಎಲ್ಲ ಕಡೆಯೂ ಹಾಗಾಗುತ್ತಿರಲಿಲ್ಲ. ಡೆಲ್ ಎಕ್ಸ್‌ಪಿಎಸ್ 15 9550 ಮತ್ತು ಪ್ರಿಸಿಷನ್ 5510 ಎಂಬ ಎರಡು ಲ್ಯಾಪ್‌ಟಾಪ್ ಮಾದರಿಗಳಲ್ಲಿ ಮಾತ್ರ ಅದು ಕಂಡುಬಂದಿತು. ಕರ್ನೆಲ್ ರೂಪಿಸುವವರು ಡಿಸ್ಕನ್ನೂ ದೂರದೆ ಲ್ಯಾಪ್‌ಟಾಪನ್ನೂ ದೂರದೆ, ಇಂಥ ಡಿಸ್ಕು ಇಂಥ ಯಂತ್ರದಲ್ಲಿದ್ದಾಗ ಮಾತ್ರ ಗಾಢ ಹಂತವನ್ನು ಬಳಸಬಾರದೆಂಬ ನಿಯಮವನ್ನು ಬರೆದು ಸೇರಿಸಿದರು. ಈ ಲೇಖನದ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ: ಎರಡೂ ಬಿಡಿಬಿಡಿಯಾಗಿ ನಿರ್ದೋಷಿಗಳಾಗಿದ್ದು ಜೋಡಿಯಾದಾಗ ಮಾತ್ರ ತೊಂದರೆ ಹುಟ್ಟಬಹುದಾದ್ದರಿಂದ, ‘ಡಿಸ್ಕ್ ಸರಿಯಿದೆಯೇ’ ಎಂಬ ಪ್ರಶ್ನೆಗೆ ಸಿಗುವ ಉತ್ತರ ಇಂಥ ಸಂದರ್ಭದಲ್ಲಿ ಎಂದೂ ಸಾಲುವುದಿಲ್ಲ.

ಡಿಸ್ಕು ಹೀಗೆ ಮರಳಿ ಬಾರದಿದ್ದಾಗ ಯಂತ್ರ ತೋರುವ ಅರೆಎಚ್ಚರದ ಲಕ್ಷಣವೂ ವಿವರಣೆಗೆ ಅರ್ಹವಾಗಿದೆ. ರ್‍ಯಾಮ್ ಜೀವಂತವಾಗಿರುವುದರಿಂದ ಪರದೆ ಬೆಳಗುತ್ತದೆ, ಗಡಿಯಾರ ಮುಂದೆ ಓಡುತ್ತದೆ, ಈಗಾಗಲೇ ತೆರೆದಿರುವ ಪುಟವನ್ನು ಮೇಲೆ ಕೆಳಗೆ ಸರಿಸಲೂಬಹುದು. ಹೊಸ ಪ್ರೋಗ್ರಾಮನ್ನು ತೆರೆಯಲು ಹೋದ ಕೂಡಲೇ, ಅದನ್ನು ಡಿಸ್ಕಿನಿಂದ ಓದಬೇಕಾಗುವುದರಿಂದ, ಎಲ್ಲವೂ ಸ್ತಬ್ಧವಾಗುತ್ತದೆ. ಕೆಲವೊಮ್ಮೆ ಯಂತ್ರ ಸುಮಾರು ಅರ್ಧ ನಿಮಿಷ ಅಲುಗಾಡದೆ ನಿಂತು, ಅನಂತರ ಏನೂ ಆಗಿಲ್ಲವೆಂಬಂತೆ ಮುಂದುವರಿಯುವುದುಂಟು. ಉತ್ತರ ಬಾರದ ಡಿಸ್ಕಿಗಾಗಿ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು ಬಳಿಕ ಅದನ್ನು ರೀಸೆಟ್ ಮಾಡುತ್ತದೆ. ವಿಂಡೋಸಿನಲ್ಲಿಯೂ ಇಂಥ ಕಾಯುವಿಕೆಯಿದ್ದು, ರೀಸೆಟ್ ನಡೆದಾಗ ಈವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕದಲ್ಲಿ 129 ಸಂಖ್ಯೆಯ ನಮೂದು ಬೀಳುತ್ತದೆ.

ಅದೇ ಡಿಸ್ಕು ಪೂರ್ಣವಾಗಿ ಮಾಯವಾದರೆ ನಮೂದು ಬೀಳುವುದೇ ಇಲ್ಲ, ಏಕೆಂದರೆ ದಾಖಲೆ ಬರೆಯಬೇಕಾದದ್ದೂ ಅದೇ ಡಿಸ್ಕಿನ ಮೇಲೆ. ಯಂತ್ರ ನಿದ್ರೆಗೆ ಹೋಯಿತೆಂಬ ಕರ್ನೆಲ್-ಪವರ್ 42ನೆಯ ನಮೂದಿನ ಬಳಿಕ ಏನೂ ಇಲ್ಲದೆ, ಬಲವಂತವಾಗಿ ಆರಿಸಿ ಮತ್ತೆ ಹೊತ್ತಿಸಿದ ಮೇಲೆ, ಹಿಂದಿನ ಬಾರಿ ಯಂತ್ರ ಸರಿಯಾಗಿ ಮುಚ್ಚಿರಲಿಲ್ಲ ಎನ್ನುವ 41ನೆಯ ನಮೂದು ಮಾತ್ರ ಕಾಣಿಸಿಕೊಳ್ಳುತ್ತದೆ. 41ನೆಯ ನಮೂದನ್ನು ಕಂಡು ಚಾರ್ಜರ್ ಅಥವಾ ವಿದ್ಯುತ್ ಸರಬರಾಜಿನ ದೋಷವೆಂದು ಭಾವಿಸುವುದು ಸಾಮಾನ್ಯ. ನಿಜವಾಗಿ ಗಮನಿಸಬೇಕಾದದ್ದು ಎರಡು ನಮೂದುಗಳ ನಡುವಿನ ಮೌನವನ್ನು.

ಡಿಸ್ಕಿನ ವರ್ತನೆಗೆ ಸಂಬಂಧವೇ ಇಲ್ಲದ, ವರ್ಗಾವಣೆಯ ವಿಧಾನದಿಂದ ಹುಟ್ಟುವ ತೊಂದರೆಗಳೂ ಇವೆ. ಹಳೆಯ ಡಿಸ್ಕಿನಲ್ಲಿದ್ದುದನ್ನು ಹೊಸದಕ್ಕೆ ಯಥಾವತ್ತಾಗಿ ನಕಲು ಮಾಡುವುದನ್ನು ಕ್ಲೋನ್ ಎನ್ನುತ್ತಾರೆ. ಹೀಗೆ ನಕಲಾದ ವಿಂಡೋಸಿನೊಂದಿಗೆ ಹೈಬರ್‌ಫಿಲ್ ಎಂಬ ಹೈಬರ್ನೇಟ್ ಕಡತ ಮತ್ತು ಬೂಟ್ ವ್ಯವಸ್ಥೆಯಲ್ಲಿರುವ ಅದರ ವಿಳಾಸ ಎರಡೂ ಹಳೆಯ ಡಿಸ್ಕಿನ ಕಾಲದವಾಗಿ ಉಳಿದಿರಬಹುದು. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಒತ್ತಿದಾಗಲೂ ವ್ಯವಸ್ಥೆಯ ತಿರುಳನ್ನು ಇದೇ ಕಡತಕ್ಕೆ ಬರೆದಿಡುವ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇರುವುದರಿಂದ, ತೊಂದರೆ ನಿದ್ರೆಗೆ ಸೀಮಿತವಾಗದೆ ಬೆಳಗಿನ ಬೂಟಿಗೂ ಹಬ್ಬಬಹುದು. ಹೈಬರ್ನೇಟನ್ನು ಒಮ್ಮೆ ನಿಷ್ಕ್ರಿಯಗೊಳಿಸಿ ಮತ್ತೆ ಸಕ್ರಿಯಗೊಳಿಸಿದರೆ ಆ ಕಡತ ಅಳಿದು ಹೊಸದಾಗಿ ಸೃಷ್ಟಿಯಾಗುತ್ತದೆ. ಲಿನಕ್ಸಿನಲ್ಲಿ ಇದರ ವಿರುದ್ಧದ ಪರಿಸ್ಥಿತಿ: ಹೊಸ ಡಿಸ್ಕಿನಲ್ಲಿ ಸ್ವಾಪ್ ವಿಭಾಗವನ್ನು, ಅಂದರೆ ರ್‍ಯಾಮಿನ ಪ್ರತಿ ಬರೆಯುವ ಜಾಗವನ್ನು, ಹೊಸದಾಗಿ ಮಾಡಿಕೊಂಡಾಗ ಅದರ ಗುರುತಿನ ಸಂಖ್ಯೆ ಬದಲಾಗುತ್ತದೆ; ಬೂಟ್ ಸೂಚನೆಯಲ್ಲಿರುವ ‘ರೆಸ್ಯೂಮ್’ ಎಂಬ ಮೌಲ್ಯ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿದ್ದರೆ, ಯಂತ್ರವು ಅಸ್ತಿತ್ವದಲ್ಲಿಲ್ಲದ ವಿಭಾಗವನ್ನು ಹುಡುಕಿ ನಿರಾಶೆಗೊಂಡು ಹೊಸದಾಗಿಯೇ ಬೂಟ್ ಆಗುತ್ತದೆ.

ಬಯೋಸಿನಲ್ಲಿ ಡಿಸ್ಕಿಗೇ ಪಾಸ್‌ವರ್ಡ್ ಇಟ್ಟಿರುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಎಸ್3 ನಿದ್ರೆಯಲ್ಲಿ ವಿದ್ಯುತ್ ಕಡಿದ ಕೂಡಲೇ ಅಂಥ ಡಿಸ್ಕು ತನ್ನನ್ನು ಬೀಗ ಹಾಕಿಕೊಳ್ಳುತ್ತದೆ, ಏಳುವಾಗ ಪಾಸ್‌ವರ್ಡನ್ನು ಮತ್ತೆ ಒದಗಿಸುವ ಹೊಣೆ ಫರ್ಮ್‌ವೇರಿನದು. ಅದು ಆ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ಡಿಸ್ಕು ಕಣ್ಣೆದುರಿಗಿದ್ದೂ ಓದಲು ಸಿಗುವುದಿಲ್ಲ.

ಡಿಸ್ಕ್ ಬದಲಿಸಿದ ದಿನವೇ ಆರಂಭವಾದ ತೊಂದರೆಗಳೆಲ್ಲ ಡಿಸ್ಕಿನಿಂದಲೇ ಬಂದವೆಂದು ತಿಳಿಯಬೇಕಾಗಿಯೂ ಇಲ್ಲ. ಕೆಳಮುಚ್ಚಳ ಬಿಚ್ಚುವಾಗ ಬ್ಯಾಟರಿಯ ಕೊಂಡಿಯನ್ನು ಕಳಚಿದ್ದರೆ ಕೆಲವು ಯಂತ್ರಗಳಲ್ಲಿ ಬಯೋಸಿನ ಆಯ್ಕೆಗಳು ಮೂಲಸ್ಥಿತಿಗೆ ಮರಳುತ್ತವೆ. ಮುಚ್ಚಳ ಮುಚ್ಚಿದೆಯೇ ಎಂಬುದನ್ನು ಪುಟ್ಟ ಅಯಸ್ಕಾಂತ ಮತ್ತು ಸಂವೇದಕದಿಂದ ಅರಿಯುವ ಯಂತ್ರದಲ್ಲಿ, ಜೋಡಣೆಯ ಹೊತ್ತಿನಲ್ಲಿ ಆ ಸಂವೇದಕದ ತೆಳು ಕೇಬಲ್ ಸಡಿಲವಾದರೂ ನಿದ್ರೆ ಕೆಡುತ್ತದೆ. ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದವರಲ್ಲಿ ಕಂಡುಬರುವ, ಯಂತ್ರ ನಡುರಾತ್ರಿ ತಾನಾಗಿಯೇ ಎದ್ದು ಕೂರುವ ತೊಂದರೆಗೆ ಸಾಮಾನ್ಯವಾಗಿ ಕಾರಣ ನೆಟ್‌ವರ್ಕ್ ಕಾರ್ಡಿಗೋ ಮೌಸಿಗೋ ಯಂತ್ರವನ್ನು ಎಬ್ಬಿಸುವ ಅನುಮತಿ ಮರಳಿ ಸಿಕ್ಕಿರುವುದು.

ಪತ್ತೆಯ ಕ್ರಮದಲ್ಲಿ ಮೊದಲು ಮಾಡಬೇಕಾದದ್ದು ಮುಖ್ಯ ಕಡತಗಳ ಬ್ಯಾಕಪ್, ಏಕೆಂದರೆ ಏಳದ ಯಂತ್ರವನ್ನು ಪದೇ ಪದೇ ಬಲವಂತವಾಗಿ ಆರಿಸುವುದು ಕಡತ ವ್ಯವಸ್ಥೆಗೆ ಹಾನಿ ತರಬಹುದು. ಬಳಿಕ ಯಂತ್ರ ಯಾವ ಬಗೆಯ ನಿದ್ರೆಯನ್ನು ಬಳಸುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶದ ಮುಂದೆ ಓರೆಗೆರೆ ಹಾಗೂ ಎ ಅಕ್ಷರವನ್ನು ಸೇರಿಸಿದರೆ ಆ ಯಂತ್ರದಲ್ಲಿ ಲಭ್ಯವಿರುವ ನಿದ್ರೆಯ ಸ್ಥಿತಿಗಳ ಪಟ್ಟಿ ಸಿಗುತ್ತದೆ. ಅದೇ ಆದೇಶಕ್ಕೆ ಲಾಸ್ಟ್‌ವೇಕ್ ಎಂಬ ಪದವನ್ನು ಸೇರಿಸಿದರೆ ಕೊನೆಯ ಬಾರಿ ಯಂತ್ರವನ್ನು ಎಬ್ಬಿಸಿದ್ದು ಯಾವುದೆಂದು ತಿಳಿಯುತ್ತದೆ. ಅನಂತರ ರಾತ್ರಿಯಿಡೀ ಕಾಯದೆ ನೇರವಾಗಿ ಹೈಬರ್ನೇಟನ್ನೇ ಆರಿಸಿ ಪರೀಕ್ಷಿಸುವುದು ಒಳ್ಳೆಯದು. ಚಿಕ್ಕ ನಿದ್ರೆ ಸರಿಯಿದ್ದು ನೇರ ಹೈಬರ್ನೇಟ್ ವಿಫಲವಾದರೆ, ಹಲವು ರಾತ್ರಿಗಳ ಊಹಾಪೋಹಕ್ಕೆ ಕೆಲವೇ ನಿಮಿಷಗಳಲ್ಲಿ ಉತ್ತರ ದೊರೆತಂತಾಯಿತು.

ತಿದ್ದುವ ಕೆಲಸದಲ್ಲಿ ಲ್ಯಾಪ್‌ಟಾಪಿನ ಬಯೋಸ್ ಮತ್ತು ಎಸ್‌ಎಸ್‌ಡಿಯ ಫರ್ಮ್‌ವೇರ್ ಎರಡನ್ನೂ ನವೀಕರಿಸುವುದಕ್ಕೆ ಮೊದಲ ಸ್ಥಾನ ಸಲ್ಲಬೇಕು, ಏಕೆಂದರೆ ಜೋಡಿಯ ಹೊಂದಾಣಿಕೆಯ ದೋಷಗಳನ್ನು ತಯಾರಕರು ಸರಿಪಡಿಸುವುದು ಅಲ್ಲಿಯೇ. ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಸಕ್ರಿಯವಾಗಿರುವ ಯಂತ್ರದಲ್ಲಿ ಬಯೋಸನ್ನು ಮುಟ್ಟುವ ಮೊದಲು ಅದರ ರಿಕವರಿ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಂಡು ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯದಿದ್ದರೆ, ಸಣ್ಣ ತೊಂದರೆಯ ಜಾಗದಲ್ಲಿ ದೊಡ್ಡದು ಬಂದು ಕೂರುತ್ತದೆ. ನವೀಕರಣದಿಂದ ಗುಣ ಕಾಣದಿದ್ದರೆ, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ ನೋಡುವುದು, ಲಿನಕ್ಸಿನಲ್ಲಿ ಎನ್‌ವಿಎಂಇ ಹಂತಗಳ ಗರಿಷ್ಠ ವಿಳಂಬದ ಮೌಲ್ಯವನ್ನು 0 ಮಾಡಿ ಎಪಿಎಸ್‌ಟಿಯನ್ನು ಪೂರ್ತಿಯಾಗಿ ತಡೆದು ನೋಡುವುದು ಮುಂದಿನ ಹೆಜ್ಜೆಗಳು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ, ಗುಣಪಡಿಸಿದ್ದು ಯಾವುದೆಂದು ತಿಳಿಯದೆ ನಾಲ್ಕನ್ನೂ ಹಾಗೆಯೇ ಹೊತ್ತುಕೊಂಡಿರಬೇಕಾಗುತ್ತದೆ.

ಈ ಬದಲಾವಣೆಗಳಿಗೆ ತೆರಬೇಕಾದ ಬೆಲೆಯನ್ನೂ ಮರೆಮಾಚಬಾರದು. ಕೊಂಡಿಯ ಮತ್ತು ಡಿಸ್ಕಿನ ವಿದ್ಯುತ್ ಉಳಿತಾಯವನ್ನು ತಡೆದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಹೈಬರ್ನೇಟನ್ನು ತೆಗೆದುಹಾಕಿದರೆ, ಚೀಲದಲ್ಲಿ ಮಲಗಿರುವ ಯಂತ್ರದ ಬ್ಯಾಟರಿ ಮುಗಿದ ಗಳಿಗೆಯಲ್ಲಿ ರ್‍ಯಾಮಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ; ಉಳಿಸದೆ ಬಿಟ್ಟ ಪ್ರಬಂಧವೋ ಲೆಕ್ಕಪತ್ರವೋ ಮರಳಿ ಬರುವುದಿಲ್ಲ. ಮೇಲೆ ಹೇಳಿದ ಮ್ಯಾಕ್‌ಬುಕ್‌ಗಳಂತೆ ಬೇರೆ ದಾರಿಯಿಲ್ಲದ ಕಡೆ ಇದನ್ನು ಒಪ್ಪಿಕೊಳ್ಳಬೇಕಾಗುತ್ತದೆ, ಆದರೆ ಒಪ್ಪಿಕೊಂಡವರಿಗೆ ಅದರ ಅರಿವಿರಬೇಕು, ಮತ್ತು ಹಣ ಪಡೆದು ಡಿಸ್ಕ್ ಬದಲಿಸಿಕೊಡುವ ಅಂಗಡಿಯವರು ಹೈಬರ್ನೇಟನ್ನು ನಿಲ್ಲಿಸಿದ್ದರೆ ಆ ಮಾತನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು.

ಇಷ್ಟೆಲ್ಲ ಪರೀಕ್ಷೆಗಳಾದ ಮೇಲೆಯೂ ತೊಂದರೆ ಉಳಿದರೆ ಡಿಸ್ಕನ್ನು ಹಿಂತಿರುಗಿಸುವ ಮಾತು ಬರುತ್ತದೆ. ಯಂತ್ರ ಎಚ್ಚರವಾಗಿರುವಾಗಲೂ 129ರಂಥ ನಮೂದುಗಳು ಬೀಳುತ್ತಿದ್ದರೆ, ಸ್ಮಾರ್ಟ್ ಎಂಬ ಸ್ವಯಂಪರೀಕ್ಷಾ ವರದಿಯಲ್ಲಿ ದತ್ತಾಂಶ ದೋಷಗಳ ಎಣಿಕೆ ಏರುತ್ತಿದ್ದರೆ, ಅಥವಾ ಅದೇ ಡಿಸ್ಕು ಬೇರೆ ತಯಾರಿಕೆಯ ಯಂತ್ರದಲ್ಲಿಯೂ ನಿದ್ರೆಯಿಂದ ಮರಳದಿದ್ದರೆ ಅದನ್ನು ವಾರಂಟಿಗೆ ಕೊಡುವುದು ಸರಿಯಾದ ನಿರ್ಧಾರ. ಇವು ಯಾವುವೂ ಇಲ್ಲದೆ ಒಂದೇ ಯಂತ್ರದಲ್ಲಿ, ನಿದ್ರೆಯ ಹೊತ್ತಿನಲ್ಲಿ ಮಾತ್ರ ತೊಂದರೆಯಿದ್ದರೆ, ಬದಲಿಯಾಗಿ ಅದೇ ಮಾದರಿಯ ಡಿಸ್ಕನ್ನು ಪಡೆಯುವುದರಿಂದ ಪ್ರಯೋಜನವಿಲ್ಲ. ಆ ಲ್ಯಾಪ್‌ಟಾಪಿನ ತಯಾರಕರು ಅದೇ ಮಾದರಿಯಲ್ಲಿ ಮಾರುತ್ತಿದ್ದ ಎಸ್‌ಎಸ್‌ಡಿ ಯಾವುದೆಂದು ವಿಚಾರಿಸಿ ಅದನ್ನೋ, ಅದೇ ಕಂಟ್ರೋಲರ್ ಚಿಪ್ ಇರುವ ಇನ್ನೊಂದನ್ನೋ ಕೇಳಿ ಪಡೆಯುವುದು ಮೇಲು.